ಲ್ಯಾನ್ ಪೋರ್ಟ್‌ನಲ್ಲಿ ಕಂಡಕ್ಟೆಡ್ ಎಮಿಷನ್ ಫೇಲ್: ನಾಯ್ಸ್ ಇಥರ್ನೆಟ್‌ದೋ, ಪವರ್ ಸಪ್ಲೈದೋ?

ಬೋರ್ಡ್_ಬೆಂಚ್:

ಎಲ್ಲರಿಗೂ ನಮಸ್ಕಾರ. ನಾವು ಒಂದು ಚಿಕ್ಕ ಐಪಿ ಕ್ಯಾಮೆರಾ ಮಾಡುತ್ತಿದ್ದೇವೆ. ಅಲ್ಯೂಮಿನಿಯಂ ಬಾಡಿ, ಪವರ್ ಪೂರ್ತಿ ಲ್ಯಾನ್ ಕೇಬಲ್‌ನಿಂದಲೇ, ಅಂದರೆ ಪಿಒಇ, 802.3ಎಎಫ್. ಬೇರೆ ಅಡಾಪ್ಟರ್ ಇಲ್ಲ. ಒಳಗೆ ಐಸೊಲೇಟೆಡ್ ಫ್ಲೈಬ್ಯಾಕ್ (ಟ್ರಾನ್ಸ್‌ಫಾರ್ಮರ್ ಇರುವ ಸ್ವಿಚಿಂಗ್ ಪವರ್ ಸಪ್ಲೈ) ಇದೆ, 250 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತದೆ. ಇಥರ್ನೆಟ್ 100 ಬೇಸ್-ಟಿಎಕ್ಸ್, ಅಂದರೆ 100 ಮೆಗಾಬಿಟ್ ವೇಗದ್ದು. ಮಾಲು ಯುರೋಪಿಗೆ ಹೋಗಬೇಕು, ಮನೆಗಳಲ್ಲೂ ಹಾಕುತ್ತಾರೆ, ಹಾಗಾಗಿ ಇಎನ್ 55032 ಕ್ಲಾಸ್ ಬಿ, ಅಂದರೆ ರೇಡಿಯೋ ನಾಯ್ಸ್‌ಗೆ ಯುರೋಪಿನ ಸ್ಟ್ಯಾಂಡರ್ಡ್‌ನಲ್ಲಿ ಮನೆ ಬಳಕೆಯ ಬಿಗಿ ಲಿಮಿಟ್.

ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಿದೆವು. ರೇಡಿಯೇಟೆಡ್, ಅಂದರೆ ಗಾಳಿಯಲ್ಲಿ ಹರಡುವ ನಾಯ್ಸ್‌ನ ಟೆಸ್ಟ್, ಪಾಸ್ ಆಯಿತು. ವೈರ್ಡ್ ನೆಟ್‌ವರ್ಕ್ ಪೋರ್ಟ್‌ನ ಕಂಡಕ್ಟೆಡ್, ಅಂದರೆ ಕೇಬಲ್ ಹಿಡಿದು ಹೊರಗೆ ಹೋಗುವ ನಾಯ್ಸ್‌ನ ಟೆಸ್ಟ್, ಫೇಲ್. ಕ್ಯಾಟ್ 5 ಎಎಎನ್ (ಕೇಬಲ್ ನಡುವೆ ಹಾಕುವ ಅಳತೆ ಪೆಟ್ಟಿಗೆ) ಹಾಕಿ ಅಳೆದರು. ಆವರೇಜ್ ರೀಡಿಂಗ್ ಹೀಗಿದೆ: 250 ಕಿಲೋಹರ್ಟ್ಸ್‌ನಲ್ಲಿ 71 ಡಿಬಿಮೈಕ್ರೋವೋಲ್ಟ್ (1 ಮೈಕ್ರೋವೋಲ್ಟ್‌ಗೆ ಹೋಲಿಸಿದ ಡಿಬಿ), 500ರಲ್ಲಿ 70, 750ರಲ್ಲಿ 69, ಹೀಗೇ 2 ಮೆಗಾಹರ್ಟ್ಸ್ ತನಕ ಇಳಿಯುತ್ತಾ ಹೋಗುತ್ತದೆ. ಆಮೇಲೆ 20ರಿಂದ 30 ಮೆಗಾಹರ್ಟ್ಸ್ ನಡುವೆ ಒಂದು ಉಬ್ಬು, ತುದಿಯಲ್ಲಿ 62. ಅದು ಲಿಮಿಟ್‌ಗಿಂತ 2 ಡಿಬಿ ಮಾತ್ರ ಕೆಳಗೆ.

ಲ್ಯಾಬ್‌ನಲ್ಲೇ ಕೇಬಲ್‌ಗೆ ಫೆರೈಟ್ ಕ್ಲ್ಯಾಂಪ್ ಹಾಕಿ ನೋಡಿದೆವು. ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಏನೂ ಆಗಲಿಲ್ಲ ಅಂತಲೇ ಹೇಳಬೇಕು.

ನನ್ನ ಪ್ರಶ್ನೆಗಳು ಇಷ್ಟು. ಮೇಲಿನ ಉಬ್ಬು ಇಥರ್ನೆಟ್ ಡೇಟಾದಿಂದ ಬರುತ್ತಿದೆ ಅಂತ ನಮ್ಮ ತಂಡದಲ್ಲಿ ಒಬ್ಬರು ಹೇಳುತ್ತಾರೆ, ಅದಕ್ಕೆ ಮ್ಯಾಗ್ನೆಟಿಕ್ಸ್ (ಲ್ಯಾನ್ ಪೋರ್ಟ್‌ನ ಟ್ರಾನ್ಸ್‌ಫಾರ್ಮರ್) ಬದಲಾಯಿಸೋಣ ಅನ್ನುತ್ತಾರೆ. ಅದು ಸರಿನಾ? ಫೆರೈಟ್ ಯಾಕೆ ಕೆಲಸ ಮಾಡಲಿಲ್ಲ? ಮತ್ತೆ, ಪ್ರತಿ ಸಲ ಲ್ಯಾಬ್‌ಗೆ ಹೋಗದೆ ನಮ್ಮ ಟೇಬಲ್ ಮೇಲೇ ಇದನ್ನು ಅಳೆಯೋಕೆ ದಾರಿ ಇದೆಯಾ? ನಮ್ಮ ಹತ್ತಿರ ಒಂದು ಸ್ಪೆಕ್ಟ್ರಮ್ ಅನಲೈಸರ್ ಮತ್ತು ಒಂದು ಕರೆಂಟ್ ಪ್ರೋಬ್ ಇದೆ.

ಅಳತೆಪಟ್ಟಿ:

ಮ್ಯಾಗ್ನೆಟಿಕ್ಸ್ ಮುಟ್ಟಬೇಡಿ, ಈಗಲೇ ಬೇಡ. ಮೊದಲು ನಾಯ್ಸ್ ಎಲ್ಲಿಂದ ಬರುತ್ತಿದೆ ಅಂತ ಖಚಿತ ಮಾಡಿಕೊಳ್ಳಿ. ಲ್ಯಾನ್ ಪೋರ್ಟ್‌ನಲ್ಲಿ ಫೇಲ್ ಆದ ತಕ್ಷಣ ಎಲ್ಲರೂ ಇಥರ್ನೆಟ್ ಮೇಲೆ ಅನುಮಾನ ಪಡುತ್ತಾರೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ಸಲ ತಪ್ಪು ಪವರ್ ಸಪ್ಲೈದು. ಆ ನಾಯ್ಸ್‌ಗೆ ಹೊರಗೆ ಹೋಗೋಕೆ ಸಿಗುವ ದಾರಿ ಲ್ಯಾನ್ ಕೇಬಲ್, ಅಷ್ಟೇ. ನಿಮ್ಮ ಕ್ಯಾಮೆರಾಕ್ಕಂತೂ ಇರುವುದೇ ಒಂದು ಕೇಬಲ್.

ಈ ಟೆಸ್ಟ್ ಏನನ್ನು ಅಳೆಯುತ್ತದೆ ಅನ್ನೋದನ್ನು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಉತ್ತರ ಅಲ್ಲೇ ಇದೆ. ಡೇಟಾ ಒಂದು ಜೋಡಿಯ ಎರಡು ತಂತಿಗಳ ನಡುವೆ ಇರುತ್ತದೆ. ಅದನ್ನು ಇಲ್ಲಿ ಅಳೆಯುವುದಿಲ್ಲ. ಎಂಟೂ ತಂತಿಗಳು ಒಟ್ಟಿಗೆ ನೆಲಕ್ಕೆ ಹೋಲಿಸಿದರೆ ಎಷ್ಟು ಕುಣಿಯುತ್ತಿವೆ, ಅದನ್ನು ಅಳೆಯುತ್ತೇವೆ. ಅದೇ ಕಾಮನ್ ಮೋಡ್. ಉದ್ದ ಕೇಬಲ್ ಆಂಟೆನಾ ಆಗುವುದು ಇದರಿಂದ. ಎಎಎನ್ ಪೆಟ್ಟಿಗೆಯ ಕೆಲಸ, ನಿಜ ಜೀವನದಲ್ಲಿ ಹೇಗೆಹೇಗೋ ಇರುವ ಕೇಬಲ್‌ನ ಕಾಮನ್ ಮೋಡ್ ಇಂಪಿಡೆನ್ಸನ್ನು 150 ಓಮ್‌ಗೆ ನಿಲ್ಲಿಸುವುದು. ಹಿಂದೆ ಸಿಸ್ಪರ್ 22 ಎಂಬ ಹಳೆಯ ಸ್ಟ್ಯಾಂಡರ್ಡ್ ಇದ್ದಾಗ ಇದನ್ನೇ ಐಎಸ್‌ಎನ್ ಅನ್ನುತ್ತಿದ್ದರು, ಈಗಲೂ ಲ್ಯಾಬ್‌ನವರ ಬಾಯಲ್ಲಿ ಅದೇ ಹೆಸರು. ಸಿಸ್ಪರ್ 32ರ (ನಿಮ್ಮ ಇಎನ್ 55032ರ ಮೂಲ ಸ್ಟ್ಯಾಂಡರ್ಡ್) ಕ್ಲಾಸ್ ಬಿ ಲಿಮಿಟ್ ಆವರೇಜ್‌ಗೆ 150 ಕಿಲೋಹರ್ಟ್ಸ್‌ನಲ್ಲಿ 74, ಅಲ್ಲಿಂದ 500 ಕಿಲೋಹರ್ಟ್ಸ್‌ಗೆ 64ಕ್ಕೆ ಇಳಿಯುತ್ತದೆ, ಮುಂದೆ 30 ಮೆಗಾಹರ್ಟ್ಸ್ ತನಕ 64. ಕ್ವಾಸಿ-ಪೀಕ್ (ಅಳೆಯುವ ಇನ್ನೊಂದು ಬಗೆ) ಎಲ್ಲಾ ಕಡೆ ಇದಕ್ಕಿಂತ 10 ಡಿಬಿ ಮೇಲೆ. 250ರಲ್ಲಿ ಲಿಮಿಟ್ ಸುಮಾರು 69.8 ಬರುತ್ತದೆ. ಅಂದರೆ ನಿಮಗೆ ಅಲ್ಲಿ 1 ಡಿಬಿ ಚಿಲ್ಲರೆ ಜಾಸ್ತಿ, 500ರಲ್ಲಿ 6, 750ರಲ್ಲಿ 5.

ಈಗ ಇಥರ್ನೆಟ್ ಡೇಟಾ ಎಷ್ಟು ಕೊಡಬಹುದು ಅಂತ ಒಂದು ಒರಟು ಲೆಕ್ಕ ಹಾಕೋಣ. 100 ಬೇಸ್-ಟಿಎಕ್ಸ್‌ನಲ್ಲಿ ಸಿಗ್ನಲ್ ಪ್ಲಸ್ 1, ಸೊನ್ನೆ, ಮೈನಸ್ 1 ವೋಲ್ಟ್. ಆರ್‌ಎಂಎಸ್ ಸುಮಾರು 0.7 ವೋಲ್ಟ್, ಅಂದರೆ 117 ಡಿಬಿಮೈಕ್ರೋವೋಲ್ಟ್. ಇದು ಸ್ಕ್ರ್ಯಾಂಬಲ್ ಆಗಿ ಸುಮಾರು 60 ಮೆಗಾಹರ್ಟ್ಸ್ ಅಗಲಕ್ಕೆ ಹರಡಿಕೊಳ್ಳುತ್ತದೆ. ರಿಸೀವರ್ ನೋಡುವುದು ಬರೀ 9 ಕಿಲೋಹರ್ಟ್ಸ್ ಅಗಲದ ಕಿಟಕಿಯಲ್ಲಿ. ಆ ಅನುಪಾತ 38 ಡಿಬಿ. ಉಳಿಯಿತು 79. ಈ 79 ಡಿಫರೆನ್ಶಿಯಲ್, ಅಂದರೆ ಎರಡು ತಂತಿಗಳ ನಡುವಿನದು. ಇದು ಕಾಮನ್ ಮೋಡ್ ಆಗಬೇಕಾದರೆ ಬ್ಯಾಲೆನ್ಸ್, ಅಂದರೆ ಜೋಡಿಯ ಎರಡು ತಂತಿಗಳ ಸಮತೋಲ, ಕೆಡಬೇಕು. ಕ್ಯಾಟ್ 5 ಎಎಎನ್‌ನ ಎಲ್‌ಸಿಎಲ್ (ಬ್ಯಾಲೆನ್ಸ್ ಎಷ್ಟು ಚೆನ್ನಾಗಿದೆ ಅನ್ನುವ ಅಳತೆ) ಕೆಳಗಿನ ಫ್ರೀಕ್ವೆನ್ಸಿಯಲ್ಲಿ 65 ಡಿಬಿ, 30 ಮೆಗಾಹರ್ಟ್ಸ್‌ನಲ್ಲಿ ಸುಮಾರು 49. ಕಳೆದರೆ 30 ಡಿಬಿಮೈಕ್ರೋವೋಲ್ಟ್ ಆಸುಪಾಸು ಉಳಿಯುತ್ತದೆ, ಕೆಲವು ಡಿಬಿ ಆಚೀಚೆ. ನಿಮ್ಮ ಬೋರ್ಡಿನ ಲೇಔಟ್ ಕೆಟ್ಟದಾಗಿದ್ದು ಬ್ಯಾಲೆನ್ಸ್ ಬರೀ 30 ಡಿಬಿ ಇದ್ದರೂ 49 ಆಗುತ್ತದೆ. ನಿಮಗೆ ಬಂದಿರುವುದು 62. ಲೆಕ್ಕ ಹೊಂದುವುದಿಲ್ಲ, ಅಲ್ವಾ?

10 ಬೇಸ್-ಟಿ (10 ಮೆಗಾಬಿಟ್ ಇಥರ್ನೆಟ್) ಆದರೆ ಮಾತು ಬೇರೆ. ಅಲ್ಲಿ ಸಿಗ್ನಲ್ ದೊಡ್ಡದು, ಸ್ಕ್ರ್ಯಾಂಬಲ್ ಇಲ್ಲ, ಒಂದೇ ಮಾದರಿ ಮತ್ತೆ ಮತ್ತೆ ಬಂದರೆ 5 ಮತ್ತು 10 ಮೆಗಾಹರ್ಟ್ಸ್‌ನಲ್ಲಿ ಚೂಪು ಗೆರೆಗಳು ಏಳುತ್ತವೆ. ಟ್ರಾಫಿಕ್ 10 ಪರ್ಸೆಂಟ್‌ಗಿಂತ ಜಾಸ್ತಿ ಇರಬೇಕು, ಕನಿಷ್ಠ 250 ಮಿಲಿಸೆಕೆಂಡ್ ಹಾಗೇ ಇರಬೇಕು ಅಂತ ಸ್ಟ್ಯಾಂಡರ್ಡ್‌ನಲ್ಲಿ ಬರೆದಿರುವುದು ಸುಮ್ನೆ ಅಲ್ಲ.

ಆದ್ದರಿಂದ ಒಂದು ಕೆಲಸ ಮಾಡಿ. ಉಬ್ಬಿನ ಮೇಲೆ ಜೂಮ್ ಹಾಕಿ. 22ರಿಂದ 24 ಮೆಗಾಹರ್ಟ್ಸ್ ಮಾತ್ರ, ಆರ್‌ಬಿಡಬ್ಲ್ಯೂ (ಅನಲೈಸರ್ ಕಿಟಕಿಯ ಅಗಲ) 9 ಕಿಲೋಹರ್ಟ್ಸ್, ಸ್ವೀಪ್ ನಿಧಾನ. ಅನಲೈಸರ್‌ನಲ್ಲಿ 9 ಇಲ್ಲದಿದ್ದರೆ 10 ಇಡಿ, ಈ ಕೆಲಸಕ್ಕೆ ಸಾಕು. 250 ಕಿಲೋಹರ್ಟ್ಸ್‌ಗೊಂದರಂತೆ ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳು ಕಂಡರೆ ಅದು ಫ್ಲೈಬ್ಯಾಕ್. ಡೇಟಾ ಆದರೆ ಗೆರೆ ಇರುವುದಿಲ್ಲ, ಒಂದೇ ಸಮ ತುಂಬಿಕೊಂಡ ನಾಯ್ಸ್ ಕಾಣುತ್ತದೆ. ಇನ್ನೊಂದು ಪರೀಕ್ಷೆ: ಫರ್ಮ್‌ವೇರ್‌ನಿಂದ ಇಥರ್ನೆಟ್ ಫಿಯ (ಕೇಬಲ್‌ಗೆ ಸಿಗ್ನಲ್ ಕಳಿಸುವ ಚಿಪ್) ರಿಜಿಸ್ಟರ್ 0ರ ಬಿಟ್ 11 ಬರೆಯಿರಿ, ಫಿ ಪವರ್-ಡೌನ್ ಆಗುತ್ತದೆ. ಪಿಒಇ ಪವರ್ ಹಾಗೇ ಇರುತ್ತದೆ, ಲಿಂಕ್ ಮಾತ್ರ ಹೋಗುತ್ತದೆ. ಉಬ್ಬು ಅಲ್ಲೇ ನಿಂತಿದ್ದರೆ ಇಥರ್ನೆಟ್ ನಿರಪರಾಧಿ.

ಕೇಬಲ್_ಟ್ರೇ:

ಇಷ್ಟೆಲ್ಲ ಯಾಕೆ? ಶೀಲ್ಡೆಡ್ ಆರ್‌ಜೆ45 ಹಾಕಿ, ಶೀಲ್ಡೆಡ್ ಕೇಬಲ್ ಬಳಸಬೇಕು ಅಂತ ಮ್ಯಾನುಯಲ್‌ನಲ್ಲಿ ಬರೆಯಿರಿ. ಬಾಡಿ ಹೇಗೂ ಲೋಹದ್ದು.

ಅಳತೆಪಟ್ಟಿ:

@ಕೇಬಲ್_ಟ್ರೇ ಸರ್, ಶೀಲ್ಡೆಡ್ ಕೇಬಲ್ ಹಾಕಿದರೆ ಟೆಸ್ಟ್ ತಪ್ಪುವುದಿಲ್ಲ. ಆಗ ಶೀಲ್ಡಿಗೇ 150 ಓಮ್ ಕಟ್ಟಿ ಅದರ ಮೇಲೆ ಹರಿಯುವುದನ್ನು ಅಳೆಯುತ್ತಾರೆ. ಇವರ ಬಾಡಿ ಸೆಕೆಂಡರಿ ಗ್ರೌಂಡ್ (ಪವರ್ ಸಪ್ಲೈ ಟ್ರಾನ್ಸ್‌ಫಾರ್ಮರ್‌ನ ಔಟ್‌ಪುಟ್ ಕಡೆಯ ಗ್ರೌಂಡ್) ಜೊತೆ ಕುಣಿಯುತ್ತಿದ್ದರೆ ಶೀಲ್ಡೂ ಕುಣಿಯುತ್ತದೆ. ಎರಡನೆಯದು, ಮನೆಗೆ ಕ್ಯಾಮೆರಾ ಹಾಕುವವರು ಅಂಗಡಿಯಲ್ಲಿ ಸಿಗುವ ಮಾಮೂಲಿ ಕ್ಯಾಟ್ 5ಇ ಕೇಬಲ್ ಎಳೆಯುತ್ತಾರೆ, ಮ್ಯಾನುಯಲ್ ಯಾರೂ ಓದುವುದಿಲ್ಲ. ಲ್ಯಾಬ್‌ನಲ್ಲಿ ಒಂದು ಕೇಬಲ್, ಗೋಡೆಯ ಮೇಲೆ ಇನ್ನೊಂದು ಕೇಬಲ್ ಆಗುತ್ತದೆ. ಫ್ಯಾಕ್ಟರಿ ಒಳಗೆ ಶೀಲ್ಡೆಡ್ ಕೇಬಲ್ಲೇ ಹಾಕುವ ಮಾಲಿಗೆ ನಿಮ್ಮ ಸಲಹೆ ಒಪ್ಪುತ್ತೇನೆ. ಇದಕ್ಕೆ ಒಪ್ಪುವುದಿಲ್ಲ.

ಬೋರ್ಡ್_ಬೆಂಚ್:

ತುಂಬಾ ಧನ್ಯವಾದ ಸರ್. ಲೆಕ್ಕ ನೋಡಿ ನಮ್ಮ ತಂಡದಲ್ಲಿ ದೊಡ್ಡ ಚರ್ಚೆಯೇ ಆಯಿತು. ಎರಡೂ ಪರೀಕ್ಷೆ ಮಾಡಿದೆವು. ಎಎಎನ್ ಇಲ್ಲ, ಕರೆಂಟ್ ಪ್ರೋಬ್ ಹಾಕಿಯೇ ನೋಡಿದ್ದು. ಫಿ ಆಫ್ ಮಾಡಿದರೂ ಉಬ್ಬು ಹಾಗೇ ಇದೆ, ಎತ್ತರವೂ ಅಷ್ಟೇ. ಜೂಮ್ ಹಾಕಿದರೆ ಗೆರೆಗಳು ಕಾಣುತ್ತವೆ, ಒಂದರಿಂದ ಒಂದಕ್ಕೆ ಸರಿಯಾಗಿ 250 ಕಿಲೋಹರ್ಟ್ಸ್. ರಾತ್ರಿ ಮೋಡ್‌ಗೆ ಹಾಕಿ ಇನ್‌ಫ್ರಾರೆಡ್ ಎಲ್‌ಇಡಿ ಉರಿಸಿದರೆ ಎಲ್ಲವೂ ಇನ್ನೂ 2-3 ಡಿಬಿ ಏರುತ್ತದೆ. ಲ್ಯಾಬ್‌ನಲ್ಲಿ ಯಾವ ಮೋಡ್‌ನಲ್ಲಿ ಅಳೆದಿದ್ದರು ಅಂತ ರಿಪೋರ್ಟ್‌ನಲ್ಲಿ ನೋಡಿದೆ, ಎಲ್‌ಇಡಿ ಆಫ್ ಅಂತಿದೆ.

ಹಾಗಾದರೆ ಫ್ಲೈಬ್ಯಾಕ್‌ದೇ ತಪ್ಪು ಅಂತಾಯಿತು. ಈಗ ಏನು ಮಾಡಬೇಕು? ಪ್ರೈಮರಿ ಮತ್ತು ಸೆಕೆಂಡರಿ ಗ್ರೌಂಡ್ ನಡುವೆ 1 ನ್ಯಾನೋಫ್ಯಾರಡ್, 2 ಕಿಲೋವೋಲ್ಟ್ ಕೆಪಾಸಿಟರ್ ಈಗಾಗಲೇ ಇದೆ.

ಫ್ಲೈಬ್ಯಾಕ್_ರಿಪೇರಿ:

ಪವರ್ ಸಪ್ಲೈ ನನ್ನ ಕೆಲಸ, ಹಾಗಾಗಿ ಇದಕ್ಕೆ ನಾನು ಉತ್ತರ ಕೊಡುತ್ತೇನೆ.

ಮೊದಲು ಫೆರೈಟ್ ಪ್ರಶ್ನೆ, ಯಾರೂ ಅದನ್ನು ಮುಟ್ಟಿಲ್ಲ. ನಾಯ್ಸ್ ಸುತ್ತುವ ದಾರಿ ನೋಡಿ. ಪಿಒಇ ಯಲ್ಲಿ ಕೇಬಲ್ ಇರುವುದು ಪ್ರೈಮರಿ, ಅಂದರೆ ಇನ್‌ಪುಟ್ ಕಡೆ. ಪ್ರೈಮರಿಯ ಮಾಸ್‌ಫೆಟ್ ಡ್ರೈನ್ 100 ವೋಲ್ಟ್ ಹತ್ತಿರ ಮೇಲೆ ಕೆಳಗೆ ಹಾರುತ್ತಿರುತ್ತದೆ. ಟ್ರಾನ್ಸ್‌ಫಾರ್ಮರ್‌ನ ಸುರುಳಿಗಳ ನಡುವೆ ಕೆಲವು ಹತ್ತು ಪಿಕೋಫ್ಯಾರಡ್ ಇರುತ್ತದೆ, ಅದರ ಮೂಲಕ ಕರೆಂಟ್ ಸೆಕೆಂಡರಿ ಗ್ರೌಂಡ್‌ಗೆ ಬರುತ್ತದೆ, ಅಲ್ಲಿಂದ ಕ್ಯಾಮೆರಾ ಬಾಡಿಗೆ, ಬಾಡಿಯಿಂದ ಗಾಳಿಯಲ್ಲೇ ಟೆಸ್ಟ್ ಟೇಬಲ್‌ನ ಗ್ರೌಂಡ್ ಪ್ಲೇನ್‌ಗೆ, ಅಲ್ಲಿಂದ ಎಎಎನ್‌ನ 150 ಓಮ್ ಮೂಲಕ ಕೇಬಲ್ ಹಿಡಿದು ಮತ್ತೆ ಪ್ರೈಮರಿಗೆ. ಬಾಡಿ ಮತ್ತು ಪ್ಲೇನ್ ನಡುವಿನ ಕೆಪಾಸಿಟೆನ್ಸ್ 15 ಪಿಕೋಫ್ಯಾರಡ್ ಅಂದುಕೊಳ್ಳಿ. 500 ಕಿಲೋಹರ್ಟ್ಸ್‌ನಲ್ಲಿ ಅದು 21 ಕಿಲೋಓಮ್. ಸರ್ಕ್ಯೂಟ್‌ನಲ್ಲಿ ಆಗಲೇ 21 ಕಿಲೋಓಮ್ ಇರುವಾಗ ನೀವು ಫೆರೈಟ್ ಹಾಕಿ ಕೆಲವು ಹತ್ತು ಓಮ್ ಸೇರಿಸಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಕೇಬಲ್ ಮೇಲೆ ಎಷ್ಟು ಫೆರೈಟ್ ಹಾಕಿದರೂ ದುಡ್ಡು ದಂಡ.

ಮಾಡಬೇಕಾದ್ದು, ಆ ಕರೆಂಟಿಗೆ ಬೋರ್ಡಿನ ಒಳಗೇ ಹತ್ತಿರದ ದಾರಿ ಕೊಡುವುದು. ಅದೇ ನಿಮ್ಮ 1 ನ್ಯಾನೋಫ್ಯಾರಡ್ ಕೆಪಾಸಿಟರ್‌ನ ಕೆಲಸ. ಅದು ಸಾಲುತ್ತಿಲ್ಲ. ಕೆಳಗಿನ ಹಾರ್ಮೋನಿಕ್‌ಗಳಲ್ಲಿ ನಾಯ್ಸ್ ಹೆಚ್ಚು ಕಡಿಮೆ ಇದರ ಬೆಲೆಗೆ (ಎಷ್ಟು ನ್ಯಾನೋಫ್ಯಾರಡ್ ಅನ್ನೋದಕ್ಕೆ) ತಕ್ಕಂತೆ ಇಳಿಯುತ್ತದೆ. 2.2 ನ್ಯಾನೋಫ್ಯಾರಡ್ ಹಾಕಿದರೆ ಸುಮಾರು 7 ಡಿಬಿ, 4.7 ಹಾಕಿದರೆ ಸುಮಾರು 13 ಡಿಬಿ. ನಿಮಗೆ 6 ಡಿಬಿ ಜಾಸ್ತಿ ಇದೆ, ಎಲ್‌ಇಡಿ ಉರಿಸಿದರೆ ಇನ್ನೂ 3. ಹಾಗಾಗಿ 2.2ರಲ್ಲಿ ದಡ ಮುಟ್ಟುವುದಿಲ್ಲ, 4.7 ಬೇಕು.

ಆದರೆ ಇಲ್ಲಿ ಒಂದು ಎಚ್ಚರಿಕೆ. 802.3ರಲ್ಲಿ ಐಸೊಲೇಶನ್ ಟೆಸ್ಟ್ ಇದೆ, 1500 ವೋಲ್ಟ್ ಎಸಿ ಒಂದು ನಿಮಿಷ, ಇಲ್ಲವೇ 2250 ವೋಲ್ಟ್ ಡಿಸಿ ಒಂದು ನಿಮಿಷ. 4.7 ನ್ಯಾನೋಫ್ಯಾರಡ್ ಮೇಲೆ 1500 ವೋಲ್ಟ್, 50 ಹರ್ಟ್ಸ್ ಕೊಟ್ಟರೆ 2.2 ಮಿಲಿಆಂಪ್ ಹರಿಯುತ್ತದೆ. ಹೈ-ಪಾಟ್ ಮಶೀನ್ (ಈ ಐಸೊಲೇಶನ್ ಟೆಸ್ಟ್ ಮಾಡುವ ಯಂತ್ರ) ಅದನ್ನೇ ಲೀಕೇಜ್ ಅಂದುಕೊಂಡು ಟ್ರಿಪ್ ಆಗಬಹುದು. ಪ್ರೊಡಕ್ಷನ್‌ನಲ್ಲಿ ಡಿಸಿ ಟೆಸ್ಟ್ ಇಟ್ಟುಕೊಳ್ಳಿ. ಮತ್ತೆ ಕೆಪಾಸಿಟರ್ 3 ಕಿಲೋವೋಲ್ಟ್‌ದು ತೆಗೆದುಕೊಳ್ಳಿ, 2 ಕಿಲೋವೋಲ್ಟ್‌ದಕ್ಕೆ 2250 ಕೊಡುವುದು ನನಗೆ ಸಮಾಧಾನ ಇಲ್ಲ.

ಕೆಪಾಸಿಟರ್ ಎಲ್ಲಿ ಇಟ್ಟಿದ್ದೀರಿ ಅನ್ನೋದು ಅದರ ಬೆಲೆಯಷ್ಟೇ ಮುಖ್ಯ. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ, ಪ್ರೈಮರಿ ಇನ್‌ಪುಟ್ ಕೆಪಾಸಿಟರ್‌ನ ಮೈನಸ್‌ನಿಂದ ಸೆಕೆಂಡರಿ ಔಟ್‌ಪುಟ್ ಕೆಪಾಸಿಟರ್‌ನ ಮೈನಸ್‌ಗೆ, ಗಿಡ್ಡ ಮತ್ತು ಅಗಲ ಟ್ರೇಸ್. ಬೋರ್ಡಿನ ಇನ್ನೊಂದು ತುದಿಯಲ್ಲಿ, ಆರ್‌ಜೆ45 ಹತ್ತಿರ ಇಟ್ಟರೆ ಟ್ರೇಸ್‌ಗೇ 20 ನ್ಯಾನೋಹೆನ್ರಿ ಬರುತ್ತದೆ. 4.7 ನ್ಯಾನೋಫ್ಯಾರಡ್ ಜೊತೆ ಅದು ಸುಮಾರು 16 ಮೆಗಾಹರ್ಟ್ಸ್‌ನಲ್ಲಿ ರೆಸೊನೇಟ್ ಆಗುತ್ತದೆ. ಅದರ ಮೇಲೆ ಅದು ಕೆಪಾಸಿಟರ್ ಅಲ್ಲ, ಒಂದು ಇಂಡಕ್ಟರ್. ನಿಮ್ಮ ಉಬ್ಬು ಇರುವುದೇ 20ರ ಮೇಲೆ.

ಆ ಉಬ್ಬು ಬಹುಶಃ ರಿಂಗಿಂಗ್, ಅಂದರೆ ಪ್ರತಿ ಸ್ವಿಚಿಂಗ್ ಆದಮೇಲೆ ಉಳಿಯುವ ಅಲುಗಾಟ. ಸೆಕೆಂಡರಿ ಡಯೋಡ್ ಮೇಲೆ ಓಸಿಲೋಸ್ಕೋಪ್ ಇಡಿ, ಪ್ರೋಬ್‌ನ ಉದ್ದ ಗ್ರೌಂಡ್ ವೈರ್ ತೆಗೆದು ಸ್ಪ್ರಿಂಗ್ ಹಾಕಿ. 20ರಿಂದ 30 ಮೆಗಾಹರ್ಟ್ಸ್ ನಡುವೆ ಅಲೆ ಕಂಡರೆ ಅದೇ. ಆಮೇಲೆ ಮಾಸ್‌ಫೆಟ್ ಡ್ರೈನ್ ಮೇಲೆ ನೋಡಿ. ಎಲ್ಲಿ ಕಂಡಿತೋ ಅಲ್ಲಿ ಸ್ನಬ್ಬರ್, ಅಂದರೆ ರಿಂಗಿಂಗ್ ತಗ್ಗಿಸುವ ರೆಸಿಸ್ಟರ್-ಕೆಪಾಸಿಟರ್ ಜೋಡಿ, ಹಾಕಬೇಕು. ಬೆಲೆ ಊಹೆಯಿಂದ ಹಾಕಬೇಡಿ. ಡಯೋಡ್‌ಗೆ ಸಮಾನಾಂತರವಾಗಿ ಚಿಕ್ಕ ಚಿಕ್ಕ ಕೆಪಾಸಿಟರ್ ಸೇರಿಸುತ್ತಾ ಹೋಗಿ, ರಿಂಗಿಂಗ್ ಫ್ರೀಕ್ವೆನ್ಸಿ ಸರಿಯಾಗಿ ಅರ್ಧ ಆಗುವ ತನಕ. ಆಗ ಸೇರಿಸಿದ್ದರ ಮೂರನೇ ಒಂದು ಭಾಗ ಅಲ್ಲಿ ಮೊದಲೇ ಇದ್ದ ಕೆಪಾಸಿಟೆನ್ಸ್. ಅದರಿಂದ ಮತ್ತು ಫ್ರೀಕ್ವೆನ್ಸಿಯಿಂದ ಇಂಡಕ್ಟೆನ್ಸ್ ಸಿಗುತ್ತದೆ. ಎಲ್ ಬಾಗಿಸು ಸಿ ಯ ವರ್ಗಮೂಲ ನಿಮ್ಮ ರೆಸಿಸ್ಟರ್. ಸ್ನಬ್ಬರ್ ಕೆಪಾಸಿಟರ್ ಮೊದಲೇ ಇದ್ದದ್ದರ ಮೂರು-ನಾಲ್ಕು ಪಟ್ಟು.

ಸೆಕೆಂಡರಿಯಲ್ಲಿ ಮೊದಲು ನೋಡಿ ಅಂತ ಯಾಕೆ ಹೇಳುತ್ತೇನೆ ಅಂದರೆ ಸ್ನಬ್ಬರ್ ಪವರ್ ತಿನ್ನುತ್ತದೆ. ಪ್ರೈಮರಿಯಲ್ಲಿ 330 ಪಿಕೋಫ್ಯಾರಡ್ ಹಾಕಿ 100 ವೋಲ್ಟ್, 250 ಕಿಲೋಹರ್ಟ್ಸ್ ಅಂದರೆ 0.8 ವ್ಯಾಟ್ ಹೋಯಿತು. 802.3ಎಎಫ್‌ನಲ್ಲಿ ಕ್ಯಾಮೆರಾಕ್ಕೆ ಸಿಗುವುದೇ 12.95 ವ್ಯಾಟ್, ಅದರಲ್ಲಿ ಎಲ್‌ಇಡಿಗೂ ಕೊಡಬೇಕು. ಸೆಕೆಂಡರಿಯಲ್ಲಿ ವೋಲ್ಟೇಜ್ ಕಡಿಮೆ, ನಷ್ಟವೂ ಕಡಿಮೆ.

ಮುಂದಿನ ಸಲ ಟ್ರಾನ್ಸ್‌ಫಾರ್ಮರ್ ಮಾಡಿಸುವಾಗ ಪ್ರೈಮರಿ-ಸೆಕೆಂಡರಿ ನಡುವೆ ಒಂದು ಶೀಲ್ಡ್ ಸುತ್ತು ಹಾಕಿಸಿ, ಪ್ರೈಮರಿ ಗ್ರೌಂಡ್‌ಗೆ ಕಟ್ಟಿಸಿ. ಒಂದೇ ಒಂದು ತುದಿ ಕಟ್ಟಬೇಕು, ಇನ್ನೊಂದು ತುದಿ ಬಿಡಬೇಕು. ನಾಯ್ಸನ್ನು ಹುಟ್ಟಿದ ಕಡೆಯೇ ಹಿಡಿಯುವ ಕೆಲಸ ಇದು, ನನಗೆ ಎಲ್ಲಕ್ಕಿಂತ ಇಷ್ಟ.

ಮೀಡಿಯಂ_ವೇವ್:

ಟೇಬಲ್ ಮೇಲೆ ಅಳೆಯುವ ಪ್ರಶ್ನೆ ಹಾಗೇ ಉಳಿದಿದೆ, ಅದಕ್ಕೆ ನಾನು ಬರೆಯುತ್ತೇನೆ. ನಮ್ಮ ಕಂಪನಿಯಲ್ಲಿ ಪ್ರಿ-ಕಂಪ್ಲಯನ್ಸ್ (ಲ್ಯಾಬ್‌ಗೆ ಹೋಗುವ ಮೊದಲು ನಾವೇ ಮಾಡುವ ಪರೀಕ್ಷೆ) ನೋಡಿಕೊಳ್ಳುವವಳು ನಾನೇ.

ಬರೀ ಕರೆಂಟ್ ಪ್ರೋಬ್ ಹಾಕಿ ಪಾಸ್ ಫೇಲ್ ಹೇಳಬೇಡಿ. ಕಾರಣ ಇಷ್ಟೇ, 150 ಓಮ್ ಇಲ್ಲ. ಕೇಬಲ್‌ನ ಆ ತುದಿಯಲ್ಲಿ ಬ್ಯಾಟರಿ ಮೇಲೆ ನಡೆಯುವ ಲ್ಯಾಪ್‌ಟಾಪ್ ಇದ್ದರೆ ಒಂದು ರೀಡಿಂಗ್, ಅರ್ತ್ ಆದ ಸ್ವಿಚ್ ಇದ್ದರೆ ಇನ್ನೊಂದು. ಕೇಬಲ್ ಸುತ್ತಿಟ್ಟರೆ ಮತ್ತೊಂದು. ಹೋಲಿಕೆಗೆ ಮಾತ್ರ ಅದು ಚೆನ್ನಾಗಿದೆ, ಅಂದರೆ ಏನನ್ನೂ ಅಲ್ಲಾಡಿಸದೆ ಕೆಪಾಸಿಟರ್ ಬದಲಾಯಿಸಿ ಎಷ್ಟು ಡಿಬಿ ಇಳಿಯಿತು ಅಂತ ನೋಡೋಕೆ. ಸ್ಟ್ಯಾಂಡರ್ಡ್‌ನಲ್ಲೂ ಎಎಎನ್ ಇಲ್ಲದ ವಿಧಾನ ಇದೆ, ಜೋಡಿಗಳು ನಾಲ್ಕಕ್ಕಿಂತ ಜಾಸ್ತಿ ಇದ್ದಾಗ ಬಳಸುವುದು ಅದನ್ನೇ. ಆದರೆ ಅದರಲ್ಲಿ ಕರೆಂಟ್ ಪ್ರೋಬ್ ಜೊತೆ ಕೆಪಾಸಿಟಿವ್ ವೋಲ್ಟೇಜ್ ಪ್ರೋಬ್ ಕೂಡ ಬೇಕು, ಎರಡೂ ಲಿಮಿಟ್ ಒಳಗೆ ಬರಬೇಕು. ಒಂದೇ ಸಾಲದು ಅಂತ ಬರೆದವರಿಗೂ ಗೊತ್ತಿತ್ತು.

ನಾನು ಮಾಡುವುದು ಹೀಗೆ. ಟೇಬಲ್ ಪಕ್ಕದ ಗೋಡೆಗೆ 2 ಮೀಟರ್‌ಗೆ 2 ಮೀಟರ್ ಅಲ್ಯೂಮಿನಿಯಂ ಶೀಟ್ ನಿಲ್ಲಿಸಿದ್ದೇನೆ. ಸಾಧನ ಅದರಿಂದ 40 ಸೆಂಟಿಮೀಟರ್ ದೂರ. 80 ಸೆಂಟಿಮೀಟರ್ ಆಚೆ ಇಮ್ಯೂನಿಟಿ (ಹೊರಗಿನ ನಾಯ್ಸ್ ತಡೆಯುತ್ತದಾ ಅನ್ನುವ) ಟೆಸ್ಟ್‌ಗೆ ಬಳಸುವ ಎಂಟು ತಂತಿಯ ಸಿಡಿಎನ್ ಪೆಟ್ಟಿಗೆ, ಅದರ ತಳವನ್ನು ಅಗಲ ತಾಮ್ರದ ಪಟ್ಟಿಯಿಂದ ಶೀಟ್‌ಗೆ ಬಿಗಿದಿದ್ದೇನೆ. ಸಿಡಿಎನ್‌ಗೂ ಕಾಮನ್ ಮೋಡ್ ಇಂಪಿಡೆನ್ಸ್ 150 ಓಮ್ಮೇ. ಎಲ್‌ಸಿಎಲ್ ಗ್ಯಾರಂಟಿ ಇಲ್ಲ, ಹಾಗಾಗಿ ಡೇಟಾದಿಂದ ಬರುವ ನಾಯ್ಸ್‌ಗೆ ನಂಬಬೇಡಿ. ಪವರ್ ಸಪ್ಲೈ ನಾಯ್ಸ್ ಹುಟ್ಟುವಾಗಲೇ ಕಾಮನ್ ಮೋಡ್, ಅದಕ್ಕೆ ಎಲ್‌ಸಿಎಲ್ ಸಂಬಂಧ ಇಲ್ಲ. ನಿಮ್ಮ ಕೇಸ್‌ಗೆ ಇದು ಸಾಕು. ಸಿಡಿಎನ್ ಬಾಡಿಗೆಗೂ ಸಿಗುತ್ತದೆ. ಪಿಒಇ ಕರೆಂಟ್ ಮತ್ತು ವೋಲ್ಟೇಜ್ ತಡೆಯುತ್ತದಾ ಅಂತ ಮಾತ್ರ ಮೊದಲು ಕೇಳಿಕೊಳ್ಳಿ.

ಲೆಕ್ಕದಲ್ಲಿ 9.5 ಡಿಬಿ ಮರೆಯಬೇಡಿ. ಒಳಗೆ 100 ಓಮ್ ಸೀರೀಸ್‌ನಲ್ಲಿದ್ದು ಅನಲೈಸರ್‌ನ 50 ಓಮ್ ಮೇಲೆ ಬರುವುದು ಮೂರನೇ ಒಂದು ಭಾಗ ವೋಲ್ಟೇಜ್ ಮಾತ್ರ. ಅದನ್ನು ಕೂಡಿಸದಿದ್ದರೆ ಎಲ್ಲವೂ ಭರ್ಜರಿ ಪಾಸ್ ಅಂತ ಕಾಣುತ್ತದೆ. ಅನಲೈಸರ್ ಮುಂದೆ ಲಿಮಿಟರ್ (ಅನಲೈಸರನ್ನು ಕಾಪಾಡುವ ಪೆಟ್ಟಿಗೆ) ಇದ್ದರೆ ಅದರ ಡಿಬಿಯನ್ನೂ ಕೂಡಿಸಿ, ಸಾಮಾನ್ಯವಾಗಿ 10 ಇರುತ್ತದೆ. ಪಿಒಇ ಕಡೆಯಿಂದ ಬರುವ ನಾಯ್ಸನ್ನು ಬೇರೆ ಮಾಡೋಕೆ ನಾನು ಸ್ವಿಚ್ ಬದಲು ಲೀನಿಯರ್ 48 ವೋಲ್ಟ್ ಬೆಂಚ್ ಸಪ್ಲೈಯನ್ನು ಪ್ಯಾಸಿವ್ ಇಂಜೆಕ್ಟರ್‌ಗೆ ಕೊಡುತ್ತೇನೆ. ಅಗ್ಗದ ಪಿಒಇ ಸ್ವಿಚ್‌ನ ನಾಯ್ಸ್ ನೋಡಿ ತಮ್ಮ ಬೋರ್ಡ್ ಬಿಚ್ಚಿ ಕೂತವರನ್ನು ಕಂಡಿದ್ದೇನೆ.

ಬೆಂಗಳೂರಿನವರು ಇನ್ನೊಂದು ನೆನಪಿಡಿ. ಶೀಲ್ಡ್ ರೂಮ್ ಇಲ್ಲದೆ ಅಳೆದರೆ 612 ಕಿಲೋಹರ್ಟ್ಸ್‌ನಲ್ಲಿ ಒಂದು ಎತ್ತರದ ಗೆರೆ ಕಂಡೀತು. ಅದು ನಮ್ಮ ಆಕಾಶವಾಣಿ, ನಿಮ್ಮ ಕ್ಯಾಮೆರಾ ಅಲ್ಲ. ಸಾಧನ ಆಫ್ ಮಾಡಿ ಮೊದಲು ಒಂದು ಟ್ರೇಸ್ ಉಳಿಸಿಕೊಳ್ಳಿ. ಈ ಲಿಮಿಟ್‌ಗಳು ಇರುವುದು ಕೂಡ ಅದಕ್ಕೇ ಅಲ್ವಾ, ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಕೇಳುವವರಿಗೆ ತೊಂದರೆ ಆಗಬಾರದು ಅಂತ. ನಿಮ್ಮ 750ರ ಹಾರ್ಮೋನಿಕ್ ಮೀಡಿಯಂ ವೇವ್ ಬ್ಯಾಂಡಿನ ಒಳಗೇ ಬೀಳುತ್ತದೆ. ಮನೆಯಲ್ಲಿ ರೇಡಿಯೋ ಇಟ್ಟುಕೊಂಡ ಅಜ್ಜ ಅಜ್ಜಿ ಈಗಲೂ ಇದ್ದಾರೆ, ನನಗೆ ಅದು ಬರೀ ಕಾಗದದ ಲಿಮಿಟ್ ಅಲ್ಲ.

ಬೋರ್ಡ್_ಬೆಂಚ್:

ಮೇಡಂ, ಸರ್, ಎಲ್ಲರಿಗೂ ಧನ್ಯವಾದ. ಸಿಡಿಎನ್ ಬಾಡಿಗೆಗೆ ತಂದೆವು. 4.7 ನ್ಯಾನೋಫ್ಯಾರಡ್ 3 ಕಿಲೋವೋಲ್ಟ್ ಹಾಕಿದಾಗ 500 ಕಿಲೋಹರ್ಟ್ಸ್‌ನಲ್ಲಿ 12 ಡಿಬಿ ಇಳಿಯಿತು, ಎಲ್‌ಇಡಿ ಉರಿಸಿಯೇ ಅಳೆದದ್ದು. ಆದರೆ ಉಬ್ಬು ಕದಲಲಿಲ್ಲ. ಸ್ಕೋಪ್‌ನಲ್ಲಿ ಸೆಕೆಂಡರಿ ಡಯೋಡ್ ಮೇಲೆ 24 ಮೆಗಾಹರ್ಟ್ಸ್ ರಿಂಗಿಂಗ್ ಸ್ಪಷ್ಟವಾಗಿ ಇದೆ. ಸ್ನಬ್ಬರ್ ಬೆಲೆ ಹೇಳಿದ ವಿಧಾನದಲ್ಲೇ ಹುಡುಕಿ ಹಾಕಿದೆವು, ಉಬ್ಬು 8 ಡಿಬಿ ಕೆಳಗೆ ಬಂತು. ಟ್ರೇಸ್ ಗಿಡ್ಡ ಮಾಡುವುದು ಮುಂದಿನ ಬೋರ್ಡ್‌ನಲ್ಲಿ.

ಈಗ ಇನ್ನೊಂದು ವಿಷಯ. ನಮ್ಮ ಮ್ಯಾನೇಜರ್ ಇಷ್ಟರಲ್ಲಿ ಸ್ಟ್ಯಾಂಡರ್ಡ್ ಓದಿದ್ದಾರೆ. ಕ್ಲಾಸ್ ಎ ಅಂತ ಘೋಷಿಸಿದರೆ ಮೊದಲಿನ ಬೋರ್ಡೇ ಪಾಸ್ ಆಗುತ್ತಿತ್ತಲ್ಲ, ಅಮೆರಿಕಕ್ಕೆ ಈ ಟೆಸ್ಟೇ ಇಲ್ಲವಂತೆ, ಮತ್ತೆ ಬೋರ್ಡ್ ಸ್ಪಿನ್ (ಬೋರ್ಡ್ ಹೊಸದಾಗಿ ಮಾಡಿಸುವುದು) ಯಾಕೆ ಅಂತ ಕೇಳುತ್ತಿದ್ದಾರೆ. ಏನು ಹೇಳಲಿ?

ಅಳತೆಪಟ್ಟಿ:

ಅಮೆರಿಕದ ಮಾತು ನಿಜ. ಅಲ್ಲಿನ ನಿಯಮ ಎಫ್‌ಸಿಸಿ ಪಾರ್ಟ್ 15ರಲ್ಲಿ ಕಂಡಕ್ಟೆಡ್ ಲಿಮಿಟ್ ಎಸಿ ಮೇನ್ಸ್‌ಗೆ ಮಾತ್ರ, ನೆಟ್‌ವರ್ಕ್ ಪೋರ್ಟ್‌ಗೆ ಇಲ್ಲ. ಆದರೆ ನಿಮ್ಮ ಮಾಲು ಹೋಗುವುದು ಯುರೋಪಿಗೆ.

ಕ್ಲಾಸ್ ಎ ಆವರೇಜ್ ಲಿಮಿಟ್ 10 ಡಿಬಿ ಮೇಲೆ, 500 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ 74. ಸಂಖ್ಯೆ ಪ್ರಕಾರ ಪಾಸ್. ಆದರೆ ಕ್ಲಾಸ್ ಎ ಅಂದರೆ ಮನೆಯಂಥ ಜಾಗದಲ್ಲಿ ಬಳಸಿದರೆ ರೇಡಿಯೋಗೆ ತೊಂದರೆ ಆಗಬಹುದು ಅಂತ ಮ್ಯಾನುಯಲ್‌ನಲ್ಲಿ ಎಚ್ಚರಿಕೆ ಹಾಕಲೇಬೇಕು. ಬಾಕ್ಸ್ ಮೇಲೆ ಮನೆಗೆ ಕಾವಲು ಅಂತ ಚಿತ್ರ, ಒಳಗೆ ಮನೆಯಲ್ಲಿ ಬಳಸಬೇಡಿ ಅಂತ ಎಚ್ಚರಿಕೆ. ಯುರೋಪಿನ ಮಾರುಕಟ್ಟೆ ಅಧಿಕಾರಿಗಳು ಒಂದು ಸ್ಯಾಂಪಲ್ ತೆಗೆದು ನೋಡಿದರೆ ಇದು ನಿಲ್ಲುವುದಿಲ್ಲ. ಮನೆಗೆ ಮಾರುವ ಸಾಧನ ಕ್ಲಾಸ್ ಬಿ, ಇದರಲ್ಲಿ ರಾಜಿ ಇಲ್ಲ. ನಿಮಗೆ ಬೇಕಿದ್ದ ಬದಲಾವಣೆ ಒಂದು ಕೆಪಾಸಿಟರ್, ಒಂದು ಸ್ನಬ್ಬರ್, ಸ್ವಲ್ಪ ಲೇಔಟ್. ಮ್ಯಾನೇಜರ್‌ಗೆ ಆ ಮೂರರ ಖರ್ಚು ಎಷ್ಟು ಅಂತ ಬರೆದು ತೋರಿಸಿ, ಅದೇ ಸಾಕು.

ಮಾರ್ಜಿನ್ ಎಷ್ಟು ಇಟ್ಟುಕೊಳ್ಳಬೇಕು ಅಂತ ಮುಂದೆ ಕೇಳುತ್ತೀರಿ. ಮೇನ್ಸ್ ಅಳತೆಗಿಂತ ಎಎಎನ್ ಅಳತೆಯ ಅನಿಶ್ಚಿತತೆ ಜಾಸ್ತಿ. ಸಿಸ್ಪರ್ 16-4-2 ಮೇನ್ಸ್‌ಗೆ 3.4 ಡಿಬಿ ಅನ್ನುತ್ತದೆ, ಎಎಎನ್‌ಗೆ 5 ಡಿಬಿ. ಹಾಗಾಗಿ ನಿಮ್ಮ ಟೇಬಲ್ ಮೇಲೆ 6 ಡಿಬಿಗಿಂತ ಕಡಿಮೆ ಮಾರ್ಜಿನ್ ಇದ್ದರೆ ಲ್ಯಾಬ್‌ಗೆ ಹೋಗಬೇಡಿ ಅಂತ ನನ್ನ ಅಭಿಪ್ರಾಯ.

ಲ್ಯಾಬ್‌ಗೆ ಹೋಗುವ ದಿನ ಟೆಸ್ಟ್ ಪ್ಲ್ಯಾನ್ ನೀವೇ ಬರೆದುಕೊಂಡು ಹೋಗಿ. ಯಾವ ಮೋಡ್‌ನಲ್ಲಿ ಅಳೆಯಬೇಕು ಅಂತ ಲ್ಯಾಬ್ ಹುಡುಗರಿಗೆ ಹೇಗೆ ಗೊತ್ತಾಗಬೇಕು? ಲೈಟ್ ಸೆನ್ಸರ್ ಮುಚ್ಚಿ ಎಲ್‌ಇಡಿ ಉರಿಯುತ್ತಿರಬೇಕು, ವಿಡಿಯೋ ಸ್ಟ್ರೀಮ್ ನಡೆಯುತ್ತಿರಬೇಕು, ಲಿಂಕ್ 100ರಲ್ಲಿ ಇರಬೇಕು, 10ಕ್ಕೂ ಲಿಂಕ್ ಆಗುತ್ತದೆ ಅಂತಾದರೆ ಅದನ್ನೂ ಒಮ್ಮೆ ನೋಡಿ. ಮ್ಯಾನುಯಲ್‌ನಲ್ಲಿ ಯಾವ ಕೇಬಲ್ ಬರೆದಿದ್ದೀರೋ ಅದರ ಎಎಎನ್ ಕೇಳಿ. ಕ್ಯಾಟ್ 5ಇ ಅಂತ ಬರೆದು ಕ್ಯಾಟ್ 6 ಎಎಎನ್‌ನಲ್ಲಿ ಅಳೆಯುವುದು ಸರಿಯಲ್ಲ, ಅದರ ಎಲ್‌ಸಿಎಲ್ 10 ಡಿಬಿ ಮೇಲಿದೆ. ನಿಮ್ಮ ನಾಯ್ಸ್‌ಗೆ ಅದರಿಂದ ವ್ಯತ್ಯಾಸ ಆಗದಿದ್ದರೂ ರಿಪೋರ್ಟ್ ಓದುವವರು ಮೊದಲು ನೋಡುವುದು ಅದನ್ನೇ.

ಮತ್ತೆ ಹೊಸ ಬೋರ್ಡ್ ಬಂದಾಗ ಇಲ್ಲಿ ಪ್ಲಾಟ್ ಹಾಕಿ. 24 ಮೆಗಾಹರ್ಟ್ಸ್‌ನಲ್ಲಿ ಗಿಡ್ಡ ಟ್ರೇಸ್ ಎಷ್ಟು ಕೊಡುತ್ತದೆ ಅಂತ ನನಗೂ ನೋಡಬೇಕು.